ಯಾವ ಹಾಡಿನ ಮಟ್ಟು?

ಕಂಪನಿ ನಾಟಕಗಳ ಕಾಲದ ಹಾಡಿನ ಪುಸ್ತಕಗಳನ್ನು ನಿಮ್ಮಲ್ಲಿ ಹಿರಿಯರಾದ ಕೆಲವರು ನೋಡಿರುತ್ತೀರಿ. ಪ್ರತಿ ಹಾಡಿನ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತಿತ್ತು: ರಾಗ ಇಂಥದ್ದು, ತಾಳ ಇಂಥದ್ದು, ಮಟ್ಟು ಇಂಥ ಹಾಡಿನದು. ಆ 'ಇಂಥ ಹಾಡು' ತ್ಯಾಗರಾಜರ ಕೃತಿ ಇರಬಹುದು, ಮರಾಠಿ ನಾಟಕದ ಪದ ಇರಬಹುದು, ಪಾರ್ಸಿ ಕಂಪನಿಯವರ ಗಜಲ್ ಇರಬಹುದು, ಹೋದ ವರ್ಷ ಪಕ್ಕದ ಕಂಪನಿಯವರು ಆಡಿದ ನಾಟಕದ್ದೇ ಇರಬಹುದು. ಎಲ್ಲಿಂದ ತಂದೆ ಎಂದು ಕವಿ ಹಾಡಿನ ತಲೆಯ ಮೇಲೆಯೇ ಅಚ್ಚು ಹಾಕಿಸಿ ಮಾರುತ್ತಿದ್ದ. ಅದರಲ್ಲಿ ಅವನಿಗೆ ಸಂಕೋಚವೇನೂ ಇರಲಿಲ್ಲ. ಕೊಂಡುಕೊಳ್ಳುವವನಿಗೂ ಅದು ಅನುಕೂಲವೇ. ಮಟ್ಟು ಗೊತ್ತಿದ್ದರೆ ಮನೆಗೆ ಹೋಗಿ ತಾನೂ ಹಾಡಬಹುದಲ್ಲ.

ಇವತ್ತು ನಾನು ಮಾತಾಡಬೇಕೆಂದಿರುವುದು ರಾಕ್ ಸಂಗೀತದ ಬಗ್ಗೆ. ಗಿಟಾರ್, ಡ್ರಮ್ಸು, ಕಿವಿ ತುಂಬುವ ಸದ್ದು, ಅದೇ. ಆ ಸಂಗೀತದವರ ನಡುವೆ ಒಂದು ಜಗಳ ಐವತ್ತು ಅರವತ್ತು ವರ್ಷದಿಂದ ನಡೆದೇ ಇದೆ. ಹೊಸದಾಗಿ ಬರುವ ಬ್ಯಾಂಡು ಯಾರೂ ಕೇಳದ ಹಾಗೆ ಹೊಸದಾಗಿಯೇ ಕೇಳಿಸಬೇಕೋ, ಹಿಂದಿನವರ ದನಿ ಅದರಲ್ಲಿ ಇಣುಕಿದರೂ ಪರವಾಗಿಲ್ಲವೋ ಎಂಬುದು. ಒಬ್ಬ 'ಇದೆಲ್ಲ ಹಳೇ ಬ್ಯಾಂಡು ಲೆಡ್ ಜೆಪ್ಪೆಲಿನ್ನಿನ ಕಾಪಿ' ಎಂದು ಮೂಗು ಮುರಿಯುತ್ತಾನೆ. ಇನ್ನೊಬ್ಬ 'ಈಗಿನವರ ಹೊಸತನ ಯಾರಿಗೆ ಬೇಕು, ಹಳೇ ಕಾಲದ ಹಾಗೆ ಬಾರಿಸಲಿ' ಎನ್ನುತ್ತಾನೆ. ನಾನು ಗುಬ್ಬಿ ಸೀಮೆಯವನು. ಈ ಜಗಳವನ್ನು ನಮ್ಮೂರಿನ ಕಡೆಯಿಂದ ಹಿಡಿದರೆ ಬೇರೆಯದೇ ಚರಿತ್ರೆ ಕಾಣುತ್ತದೆ. ಅದನ್ನು ಹೇಳುತ್ತೇನೆ.

ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಆಮೇಲೆ ಏಳು ವರ್ಷಕ್ಕೆ ಹುಟ್ಟಿದ ವೀರಣ್ಣನವರು ಬಾಲಕನಾಗಿ ಅದೇ ಕಂಪನಿ ಸೇರಿ, ನಟನಾಗಿ, ಕೊನೆಗೆ ಒಡೆಯರಾಗಿ, ಅದನ್ನು ದಕ್ಷಿಣದಲ್ಲೆಲ್ಲ ಹೆಸರಾಗುವಂತೆ ಬೆಳೆಸಿದರು. ಕುರುಕ್ಷೇತ್ರಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು ಎಂದು ಎಲ್ಲರೂ ಹೇಳುತ್ತಾರೆ. ಆನೆಯ ಮಾತು ಸಾಕು. ನನಗೆ ಬೇಕಾದದ್ದು ಹಾಡಿನ ಮಾತು.

ಆ ಹಾಡುಗಳು ಎಲ್ಲಿಂದ ಬಂದವು? ಉತ್ತರ ಕನ್ನಡದ ಕರ್ಕಿಯ ಕಡೆಯ ಭಾಗವತರ ಮೇಳ ಸಾಂಗ್ಲಿಗೆ ಹೋಗಿ ಆಟ ಆಡಿತು. ಅದನ್ನು ನೋಡಿದ ಅಲ್ಲಿನ ಅರಸರು ಇಂಥದ್ದೇ ಮರಾಠಿಯಲ್ಲಿ ಆಗಲಿ ಎಂದರು. 1843ರಲ್ಲಿ ವಿಷ್ಣುದಾಸ ಭಾವೆ ಸೀತಾ ಸ್ವಯಂವರ ಆಡಿಸಿದರು. ಮರಾಠಿ ರಂಗಭೂಮಿ ತನ್ನ ಹುಟ್ಟಿದ ದಿನ ಎಂದುಕೊಳ್ಳುವುದು ಅದನ್ನೇ. ಮುಂದೆ 1880ರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಪುಣೆಯಲ್ಲಿ ಸಂಗೀತ ಶಾಕುಂತಲ ತಂದರು. ಅವರು ಹುಟ್ಟಿದ್ದು ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕಿವಿಯಲ್ಲಿ ಕನ್ನಡದ ಧಾಟಿಗಳು ತುಂಬಿದ್ದವು. ತಮ್ಮ ಮರಾಠಿ ನಾಟಕಗಳಿಗೆ ಧಾರಾಳವಾಗಿ ಬಳಸಿಕೊಂಡರು. ಆ ಮರಾಠಿ ಕಂಪನಿಗಳು ಕರ್ನಾಟಕಕ್ಕೆ ಬಂದು ಆಡಿದಾಗ ನಮ್ಮವರು 'ಆಹಾ, ಎಂಥ ಹೊಸ ಸಂಗೀತ' ಎಂದು ತಲೆದೂಗಿ ಆ ಮಟ್ಟುಗಳನ್ನು ಕನ್ನಡಕ್ಕೆ ಎತ್ತಿಕೊಂಡರು. ಅಜ್ಜನ ಕೋಟನ್ನು ನೆಂಟರ ಮನೆಯಿಂದ ಎರವಲು ತಂದಂತಾಯಿತು. ಕೋಟಿಗೆ ಅಷ್ಟರಲ್ಲಿ ಹೊಸ ಗುಂಡಿಗಳು ಬಿದ್ದಿದ್ದವು, ತೋಳು ಕತ್ತರಿಸಿತ್ತು, ಅದು ಬೇರೆ ಮಾತು.

ಇದರ ಜೊತೆಗೆ ಪಾರ್ಸಿ ಕಂಪನಿಗಳು ತಂದ ಹಿಂದೂಸ್ತಾನಿ ಚೀಜುಗಳು, ಅರಮನೆಯ ಕಡೆಯಿಂದ ಕರ್ನಾಟಕ ಸಂಗೀತ, ಮಿಲಿಟರಿ ಬ್ಯಾಂಡಿನ ಇಂಗ್ಲಿಷ್ ನೋಟು. ಮುತ್ತುಸ್ವಾಮಿ ದೀಕ್ಷಿತರೇ ಬ್ರಿಟಿಷರ ಬ್ಯಾಂಡಿನ ಟ್ಯೂನುಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿ ನೋಟ್ಟುಸ್ವರ ಮಾಡಿದ್ದಾರೆ. ಅವುಗಳಲ್ಲಿ ಒಂದು ಇಂಗ್ಲೆಂಡಿನ ರಾಷ್ಟ್ರಗೀತೆಯ ಮಟ್ಟು. ದೀಕ್ಷಿತರು ಮಾಡಿದ್ದನ್ನು ನಾಟಕದ ಕವಿ ಮಾಡಿದರೆ ಕೇಳುವವರು ಯಾರು?

ಇನ್ನು ಹಾರ್ಮೋನಿಯಂ. ಕಂಪನಿ ನಾಟಕದ ಜೀವವೇ ಅದು. ರಂಗದ ಮುಂದೆ ಕೂತ ಮೇಷ್ಟ್ರು ಕಾಲಲ್ಲಿ ತುಳಿಯುತ್ತ ಎರಡೂ ಕೈಯಲ್ಲಿ ನುಡಿಸುವ ದೊಡ್ಡ ಪೆಟ್ಟಿಗೆ. ಮೈಕ್ ಇಲ್ಲದ ಕಾಲದಲ್ಲಿ ನೆಲದ ಟಿಕೆಟ್ಟಿನ ಕೊನೆಯ ಸಾಲಿಗೂ ಶ್ರುತಿ ಮುಟ್ಟಿಸುತ್ತಿದ್ದದ್ದು ಅದು. ಈ ಪೆಟ್ಟಿಗೆ 1840ರ ದಶಕದ ಪ್ಯಾರಿಸ್ಸಿನ ಸರಕು. ಕಲ್ಕತ್ತೆಯವರು ಅದನ್ನು ಕೈಯಲ್ಲಿ ತಿದಿ ಒತ್ತುವಂತೆ ಚಿಕ್ಕದು ಮಾಡಿ ನೆಲಕ್ಕಿಳಿಸಿದರು. ಹೊರಗಿನ ವಾದ್ಯ, ಗಮಕ ಬಾರದು, ಎರಡು ಸ್ವರಗಳ ನಡುವೆ ಜಾರಲು ಆಗದು ಎಂದು ಪಂಡಿತರ ದೂರು. ದೂರು ಎಷ್ಟು ಜೋರಾಯಿತೆಂದರೆ, ನಾನು ಈಗ ಮಾತಾಡುತ್ತಿರುವ ಇದೇ ರೇಡಿಯೋ 1940ರಲ್ಲಿ ಹಾರ್ಮೋನಿಯಮ್ಮನ್ನು ನಿಷೇಧಿಸಿತು. 1971ರಲ್ಲಿ ನಿಷೇಧ ಸಡಿಲವಾಗುವ ತನಕ ಮೂರು ದಶಕ ಈ ವಾದ್ಯ ಬಾನುಲಿಯಲ್ಲಿ ಕೇಳಲಿಲ್ಲ. ಗುಬ್ಬಿಯ ಹಾಡುಗಾರರು ರೇಡಿಯೋಗೆ ಬಂದರೆ ಪೆಟ್ಟಿಗೆ ಬಾಗಿಲ ಹೊರಗೆ. ಪಿಟೀಲೂ ಹೊರಗಿನದೇ, ಅದಕ್ಕೆ ಮಾತ್ರ ತೊಡೆಯ ಮೇಲೆ ಜಾಗ ಸಿಕ್ಕಿತು, ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿದರು. ಯಾವ ವಾದ್ಯ 'ನಮ್ಮದು' ಎಂಬುದನ್ನು ತೀರ್ಮಾನಿಸುವಾಗ ನಮ್ಮ ಪಂಡಿತರು ಎಂದೂ ಒಂದೇ ತಕ್ಕಡಿ ಹಿಡಿದವರಲ್ಲ.

1934ರ ಮಾರ್ಚಿನಲ್ಲಿ ಮೊದಲ ಕನ್ನಡ ವಾಕ್ಚಿತ್ರ ಸತಿ ಸುಲೋಚನ ಬಂತು. ಅದಕ್ಕೆ ಮಾತು ಹಾಡು ಬರೆದವರು ನಮ್ಮ ತುಮಕೂರು ಪಕ್ಕದ ಬೆಳ್ಳಾವೆಯ ನರಹರಿ ಶಾಸ್ತ್ರಿಗಳು, ಕಂಪನಿ ನಾಟಕದ ಕವಿಗಳು. ಅಭಿನಯಿಸಿದವರೂ ನಾಟಕದವರೇ. ಹಾಗಾಗಿ ಮಟ್ಟಿನ ಸಂಸಾರವೆಲ್ಲ ಗಂಟುಮೂಟೆ ಸಮೇತ ಸಿನಿಮಾಗೆ ಹೋಯಿತು. ವ್ಯತ್ಯಾಸ ಒಂದೇ. ಗ್ರಾಮಫೋನ್ ತಟ್ಟೆಯ ಮೇಲೆ, ಸಿನಿಮಾ ಹಾಡಿನ ಪುಸ್ತಕದ ಮೇಲೆ 'ಇಂಥ ಹಾಡಿನ ಮಟ್ಟು' ಎಂಬ ಸಾಲು ನಿಧಾನವಾಗಿ ಕಾಣೆಯಾಯಿತು. ಆ ಜಾಗದಲ್ಲಿ 'ಸಂಗೀತ: ಇಂಥವರು' ಎಂದು ಬಂತು. ಹಿಂದಿ, ತಮಿಳು, ಇಂಗ್ಲಿಷ್ ಟ್ಯೂನುಗಳನ್ನು ತರುವುದು ನಿಂತಿತೇ? ಇಲ್ಲ. ಹೇಳುವುದು ನಿಂತಿತು, ಅಷ್ಟೆ. ನನ್ನ ಲೆಕ್ಕದಲ್ಲಿ 'ಕಾಪಿ' ಎಂಬ ಬೈಗುಳ ಹುಟ್ಟಿದ್ದು ಅಲ್ಲಿಂದ. ತಂದೆ ಎಂದು ಒಪ್ಪಿಕೊಂಡವನನ್ನು ಯಾರೂ ಕಳ್ಳ ಎನ್ನುವುದಿಲ್ಲ.

ಹಳೆಯ ಪದ್ಧತಿ ಪೂರ್ತಿ ಸತ್ತಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಹೆಸರು ನೀವು ಕೇಳಿರುತ್ತೀರಿ. 2023ರ ಫೆಬ್ರವರಿ 6ರಂದು ಪ್ರಧಾನಿಯವರು ಬಂದು ಅಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟಿಸಿದರು. ಆ ಸುತ್ತಿನ ಯಾವ ಊರಿಗಾದರೂ ಸುಗ್ಗಿ ಮುಗಿದು ಜಾತ್ರೆಗಳು ಶುರುವಾಗುವ ಹೊತ್ತಿಗೆ ರಾತ್ರಿ ಊಟದ ಮೇಲೆ ಹೋಗಿ. ಎಲ್ಲೋ ಒಂದು ಕಡೆ ಸ್ಕೂಲ್ ಜಗಲಿಯಲ್ಲೋ ದೇವಸ್ಥಾನದ ಪ್ರಾಂಗಣದಲ್ಲೋ ನಾಟಕದ ತಾಲೀಮು ನಡೆದಿರುತ್ತದೆ. ಕುರುಕ್ಷೇತ್ರ, ಇಲ್ಲವೇ ಕೃಷ್ಣ ಸಂಧಾನ. ಹಗಲು ಅಡಿಕೆ ತೋಟಕ್ಕೆ ನೀರು ಕಟ್ಟಿದವನು, ಕಾರ್ಖಾನೆಯಲ್ಲಿ ಶಿಫ್ಟು ಮುಗಿಸಿ ಬಂದವನು, ಪಂಚಾಯ್ತಿ ಮೆಂಬರು, ಎಲ್ಲರೂ ಪಾರ್ಟಿಗೆ ಇಷ್ಟು ಅಂತ ದುಡ್ಡು ಹಾಕಿಕೊಂಡು ಆಡುವ ನಾಟಕ. ದುರ್ಯೋಧನನ ಪಾರ್ಟಿಗೆ ಜಾಸ್ತಿ ದುಡ್ಡು, ದೂತನಿಗೆ ಕಡಿಮೆ.

ಮಧ್ಯದಲ್ಲಿ ಹಾರ್ಮೋನಿಯಂ ಮೇಷ್ಟ್ರು. ಅವರು ಮೊದಲು ಮಾಡುವ ಕೆಲಸ ಗಂಟಲು ಅಳೆಯುವುದು. ಒಂದೊಂದೇ ಮನೆ ಒತ್ತಿ ಹಾಡಿಸುತ್ತಾರೆ. 'ನಿಂದು ಬಿಳಿ ನಾಕು, ಇವನದು ಕರಿ ಎರಡು' ಎಂದು ತೀರ್ಮಾನವಾಗುತ್ತದೆ. ಬಟನ್ನು ಬಿಳಿಯದೋ ಕರಿಯದೋ ಎಂಬುದರ ಮೇಲೆ ಶ್ರುತಿಗೆ ಹೆಸರು. ಆಮೇಲೆ ಕಂದಪದ್ಯ, ಅದಕ್ಕೆ ತಾಳದ ಕಟ್ಟಿಲ್ಲ, ರಾಗ ಎಳೆದೆಳೆದು ಹೇಳಬೇಕು. ಆಮೇಲೆ ಹಾಡು.

'ಬಬ್ರುವಾಹನದಲ್ಲಿ ರಾಜ್‌ಕುಮಾರ್ ಹಾಡ್ತಾರಲ್ಲ, ಜ್ಞಾಪಕ ಐತಾ? ಅದೇ ಮಟ್ಟು' ಎನ್ನುತ್ತಾರೆ ಮೇಷ್ಟ್ರು.

ದುರ್ಯೋಧನ ಗಂಟಲು ಸರಿಮಾಡಿಕೊಂಡು, ಎದೆ ಉಬ್ಬಿಸಿ, ಅಣ್ಣಾವ್ರ ಹಾಗೆಯೇ ಎತ್ತುತ್ತಾನೆ. ಎರಡು ಸಾಲಿಗೆ ಪೆಟ್ಟಿಗೆ ನಿಲ್ಲುತ್ತದೆ.

'ಅವರ ಥರ ಹಾಡಕ್ಕೆ ಹೋಗಬ್ಯಾಡ ಕಣಪ್ಪ. ಅವರು ಅವರೇ. ಮಟ್ಟು ಹಿಡ್ಕೊ, ಗಂಟ್ಲು ನಿಂದೇ ಇರ್ಲಿ. ಇಲ್ದಿದ್ರೆ ಜನ ನಿನ್ನ ನೋಡಲ್ಲ, ಅವರನ್ನ ನೆನೆಸ್ಕೋತಾರೆ.'

'ಆಯ್ತು ಮೇಷ್ಟ್ರೇ, ಇನ್ನೊಂದ್ಸಲ ಕೊಡಿ.'

ಬಬ್ರುವಾಹನ 1977ರ ಚಿತ್ರ, ಸಂಗೀತ ಟಿ.ಜಿ. ಲಿಂಗಪ್ಪನವರದು. ಅದರಲ್ಲಿ ಹಾಡಿದ ರಾಜ್‌ಕುಮಾರ್ ಯಾರು? ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆ ಗುಬ್ಬಿ ಕಂಪನಿಯಲ್ಲಿ ಬೆಳೆದ ಹುಡುಗ. 1954ರಲ್ಲಿ ಬೇಡರ ಕಣ್ಣಪ್ಪನಾಗಿ ಅವರನ್ನು ತೆರೆಗೆ ತಂದ ಚಿತ್ರದ ಹಿಂದೆ ಇದ್ದದ್ದೂ ಗುಬ್ಬಿಯ ನಂಟೇ. ಕಂಪನಿಯಲ್ಲಿ ಕಲಿತ ಗಂಟಲು ಸಿನಿಮಾಗೆ ಹೋಗಿ, ಅಲ್ಲಿನ ಹಾಡು ಮತ್ತೆ ಹಳ್ಳಿ ನಾಟಕದ ಮಟ್ಟಾಗಿ ಗುಬ್ಬಿ ತಾಲ್ಲೂಕಿಗೇ ಬರುತ್ತದೆ. ಈ ಸುತ್ತಾಟದಲ್ಲಿ 'ಮೂಲ' ಯಾವುದು ಎಂದು ಬೆರಳಿಟ್ಟು ತೋರಿಸಿ ನೋಡೋಣ.

ಹೀಗೆಂದ ಮಾತ್ರಕ್ಕೆ ಹೊಸದು ಮಾಡುವವರೇ ಬೇಡ ಎನ್ನುತ್ತಿಲ್ಲ. ಗುಬ್ಬಿ ಕಂಪನಿಗೆ ಬಂಟ್ವಾಳದ ಮಂಚಿಯಿಂದ ಒಬ್ಬ ಹುಡುಗ ಬಂದು ಸೇರಿದ್ದ. ವೀರಣ್ಣನವರು ಅವನನ್ನು ಕಾಶಿಗೆ ಓದಲು ಕಳಿಸಿದರು. ಅವರೇ ಬಿ.ವಿ. ಕಾರಂತರು. ಎಪ್ಪತ್ತರ ದಶಕದಲ್ಲಿ ಜೋಕುಮಾರಸ್ವಾಮಿ, ಹಯವದನಗಳಿಗೆ ಅವರು ಕೊಟ್ಟ ಸಂಗೀತ ಕೇಳಿದವರು 'ಇದು ಕಂಪನಿ ಹಾಡಲ್ಲ' ಎಂದರು. ನಿಜ, ಅಲ್ಲ. ಕಲ್ಲು, ತಗಡು, ಗೆಜ್ಜೆ, ಉಸಿರು, ಏನು ಸಿಕ್ಕಿದರೂ ಅವರ ಕೈಯಲ್ಲಿ ವಾದ್ಯವಾಗುತ್ತಿತ್ತು. ಹಾಡು ಮಾತಿಗೆ ಜಾರುತ್ತಿತ್ತು, ಮಾತು ಹಾಡಿಗೆ. ಆದರೆ ಆ ಹಾಡುಗಳ ಎತ್ತುಗಡೆಯ ಧೈರ್ಯ, ಹಿಂದಿನ ಸಾಲಿನವನನ್ನು ಎಬ್ಬಿಸಿ ಕೂರಿಸುವ ಹಟ ಇದೆಯಲ್ಲ, ಅದು ಟೆಂಟಿನಲ್ಲಿ ಕಲಿತದ್ದು. ಕಾರಂತರು ಹಳೆಯದನ್ನು ಬಾಯಿಪಾಠ ಮಾಡಿದ್ದರಿಂದಲೇ ಯಾವುದನ್ನು ಬಿಡಬೇಕೆಂದು ಅವರಿಗೆ ಗೊತ್ತಿತ್ತು.

ಸುಗಮ ಸಂಗೀತದ ಕಡೆ ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಒಬ್ಬೊಬ್ಬರೂ ಕವಿತೆಗೆ ತಮ್ಮದೇ ಧಾಟಿ ಹಾಕಿದರು. ಆ ಚರಿತ್ರೆ ದೊಡ್ಡದು, ಇವತ್ತು ಅದಕ್ಕೆ ಹೋಗುವುದಿಲ್ಲ. ಒಂದು ಮಾತು ಮಾತ್ರ. ಕುವೆಂಪು ಅವರ ನಾಡಗೀತೆಯನ್ನು ಯಾವ ಧಾಟಿಯಲ್ಲಿ ಹಾಡಬೇಕು, ಅನಂತಸ್ವಾಮಿಯವರದೋ ಅಶ್ವತ್ಥರದೋ ಎಂದು ವರ್ಷಗಟ್ಟಲೆ ಜಗ್ಗಾಟ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿ, ಎರಡು ನಿಮಿಷ ಮೂವತ್ತು ಸೆಕೆಂಡು ಎಂದು ಆದೇಶವನ್ನೇ ಹೊರಡಿಸಬೇಕಾಯಿತು. ಒಂದು ಪದ್ಯಕ್ಕೆ ಹತ್ತು ಮಟ್ಟು, ಒಂದು ಮಟ್ಟಿಗೆ ನೂರು ಪದ್ಯ ಎಂದು ಬದುಕಿದ ನಾಡಿನಲ್ಲಿ ಮಟ್ಟಿಗೆ ಸರ್ಕಾರಿ ಮೊಹರು!

ಈಗ ಬೆಂಗಳೂರಿಗೆ ಬರೋಣ. ಅಲ್ಲಿನ ದಂಡು ಪ್ರದೇಶದ ಕ್ಲಬ್ಬುಗಳಲ್ಲಿ, ಹೋಟೆಲುಗಳಲ್ಲಿ ಇಂಗ್ಲಿಷ್ ಬ್ಯಾಂಡುಗಳು ಮೊದಲಿನಿಂದ ಇದ್ದವು. ಅರವತ್ತು ಎಪ್ಪತ್ತರ ದಶಕದಲ್ಲಿ ಗಿಟಾರ್ ಹುಡುಗರು ಬಂದರು. ಅವರ ಕೆಲಸ ಮುಖ್ಯವಾಗಿ ಒಂದೇ: ವಿಲಾಯಿತಿಯ ಹಾಡನ್ನು ಇದ್ದ ಹಾಗೆ ನುಡಿಸುವುದು. ಕಾಲೇಜು ಹಬ್ಬಗಳ ಸ್ಪರ್ಧೆಯಲ್ಲಿ ಡೀಪ್ ಪರ್ಪಲ್ ಬ್ಯಾಂಡಿನ ಗಿಟಾರಿನ ತುಂಡೊಂದನ್ನು ಒಂದು ಸ್ವರವೂ ತಪ್ಪದೆ ಬಾರಿಸಿದವನಿಗೆ ಚಪ್ಪಾಳೆ. 'ಇದು ನಾವೇ ಬರೆದ ಹಾಡು' ಎಂದರೆ ಜನ ಚಹಾ ಕುಡಿಯಲು ಹೋಗುತ್ತಿದ್ದರು. ರಾಕ್ ಕ್ಯಾಸೆಟ್ಟು ಸಿಕ್ಕುವುದೇ ಕಷ್ಟವಿದ್ದ ದಿನಗಳಲ್ಲಿ ಆ ಬ್ಯಾಂಡುಗಳು ಒಂದು ರೀತಿಯಲ್ಲಿ ಜನರ ಗ್ರಾಮಫೋನ್. ಅದರ ಉಪಕಾರ ಮರೆಯಬಾರದು. ಆದರೆ ಅದು ದುರ್ಯೋಧನ ರಾಜ್‌ಕುಮಾರರಂತೆಯೇ ಹಾಡಿದ ಹಾಗೆ. ಮೇಷ್ಟ್ರು ಪೆಟ್ಟಿಗೆ ನಿಲ್ಲಿಸಬೇಕಾದ ಹಾಡುಗಾರಿಕೆ.

ವಿಚಿತ್ರ ಏನೆಂದರೆ, ಇವರು ಯಾರನ್ನು ಮೂಲ ಎಂದು ಪೂಜೆ ಮಾಡುತ್ತಿದ್ದರೋ ಆ ವಿಲಾಯಿತಿಯವರೂ ಎರವಲಿನವರೇ. ರೋಲಿಂಗ್ ಸ್ಟೋನ್ಸ್ ತಮ್ಮ ಹೆಸರನ್ನೇ ಅಮೆರಿಕದ ಕಪ್ಪು ಗಾಯಕ ಮಡ್ಡಿ ವಾಟರ್ಸ್ ಅವರ 1950ರ ಹಾಡೊಂದರಿಂದ ಎತ್ತಿಕೊಂಡವರು. 1964ರ ಅವರ ಮೊದಲ ತಟ್ಟೆಯ ತುಂಬ ಬಹುಪಾಲು ಬೇರೆಯವರ ಹಾಡುಗಳು. ಲೆಡ್ ಜೆಪ್ಪೆಲಿನ್ 1969ರಲ್ಲಿ ಹೊರತಂದ ಒಂದು ಹೆಸರಾಂತ ಹಾಡಿನಲ್ಲಿ ವಿಲ್ಲಿ ಡಿಕ್ಸನ್ ಅವರ ಮಾತುಗಳಿದ್ದವು, ತಟ್ಟೆಯ ಮೇಲೆ ಡಿಕ್ಸನ್ ಹೆಸರಿರಲಿಲ್ಲ. ಅವರು 1985ರಲ್ಲಿ ಕೋರ್ಟಿಗೆ ಹೋದರು, ರಾಜಿಯಾಯಿತು, ಆಮೇಲೆ ಹೆಸರು ಬಂತು. ಬೀಟಲ್ಸಿನ ಜಾರ್ಜ್ ಹ್ಯಾರಿಸನ್ ಪ್ರಕರಣ ಇನ್ನೂ ಸ್ವಾರಸ್ಯ. ಅವರ 1970ರ ಭಕ್ತಿಗೀತೆ ಹಳೆಯದೊಂದು ಹಾಡಿನ ಹಾಗಿದೆ ಎಂದು ಮೊಕದ್ದಮೆ ಬಿತ್ತು. 1976ರಲ್ಲಿ ನ್ಯಾಯಾಧೀಶರು, ಬೇಕೆಂದು ಕದ್ದದ್ದಲ್ಲ, ಒಳಮನಸ್ಸಿನಲ್ಲಿ ಉಳಿದದ್ದು ಬಂದಿದೆ, ಆದರೂ ತಪ್ಪೇ ಎಂದರು. ಒಳಮನಸ್ಸಿನಲ್ಲಿ ಹಾಡು ಉಳಿಯುವುದೇ ಅಪರಾಧವಾದರೆ ನಮ್ಮ ಹಾರ್ಮೋನಿಯಂ ಮೇಷ್ಟ್ರುಗಳೆಲ್ಲ ಜೈಲಿನಲ್ಲಿರಬೇಕಿತ್ತು. ಮೊನ್ನೆ ಮೊನ್ನೆ ಮಿಷಿಗನ್ನಿನ ಗ್ರೇಟಾ ವ್ಯಾನ್ ಫ್ಲೀಟ್ ಎಂಬ ಹುಡುಗರ ಬ್ಯಾಂಡು ಲೆಡ್ ಜೆಪ್ಪೆಲಿನ್ನಿನ ಪಡಿಯಚ್ಚು ಎಂದು ವಿಮರ್ಶಕರ ಕೈಯಲ್ಲಿ ಬೈಸಿಕೊಂಡೂ 2019ರಲ್ಲಿ ಗ್ರ್ಯಾಮಿ ಹೊಡೆದುಕೊಂಡಿತು. ಸಾಲ ತಂದವರ ಹತ್ತಿರ ಸಾಲ ತಂದದ್ದಕ್ಕೆ ಇಷ್ಟು ಗದ್ದಲ!

ತೊಂಬತ್ತರ ದಶಕದಲ್ಲಿ ಬೆಂಗಳೂರು ಬದಲಾಯಿತು. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ಬ್ಯಾಂಡಿನವರು ಇಂಗ್ಲಿಷಿನಲ್ಲೇ ಆದರೂ ತಮ್ಮದೇ ಹಾಡು, ತಮ್ಮ ಬೆಂಗಳೂರಿನದೇ ಮಾತು ಎಂದು ಹಟ ಹಿಡಿದರು. ಇದಕ್ಕೆ ತದ್ವಿರುದ್ಧ 1998ರ ಕ್ರಿಪ್ಟೋಸ್. ಇವರದು ಎಂಬತ್ತರ ದಶಕದ ಹೆವಿ ಮೆಟಲ್, ಗಿಟಾರಿನ ಜೋಡಿ ಓಟ, ಚರ್ಮದ ಅಂಗಿ, ಆಲ್ಬಮ್ಮಿನ ಹೊದಿಕೆಯ ಚಿತ್ರದವರೆಗೆ ಎಲ್ಲ ಆ ಕಾಲದ್ದೇ. ಹಳೆಯದರ ಮೇಲೆ ನಮಗೆ ಪ್ರೀತಿ, ಅದನ್ನೇ ನುಡಿಸುತ್ತೇವೆ ಎಂದು ಬಾಯಿಬಿಟ್ಟು ಹೇಳುವವರು. 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿ ಬಂದವರು. ಜರ್ಮನಿಯವರಿಗೆ ಬೆಂಗಳೂರಿನಿಂದ ಬಂದ ಈ ಹಳೆಯ ಮಟ್ಟು ಬೇಕಾಯಿತು ನೋಡಿ! ಇನ್ನೊಂದು ಬ್ಯಾಂಡು ಬ್ಲ್ಯಾಕ್ ಸಬಾತ್ ದಾರಿಯ ನಿಧಾನದ, ಭಾರದ ಸಂಗೀತದ್ದು. ಅವರ ಹೆಸರು ಇಂಗ್ಲಿಷಿನಲ್ಲಿ ಬರೆದರೆ ಯಾವುದೋ ಸಮುದ್ರದಂತೆ ಕಾಣುತ್ತದೆ, ಬಾಯಲ್ಲಿ ಹೇಳಿದರೆ ನಮ್ಮ ಕಡೆಯ ಅಪ್ಪಟ ಬೈಗುಳ. ಬೆವರ್ ಸೀ. ಆಕಾಶವಾಣಿಯಲ್ಲಿ ಇದನ್ನು ಹೇಳಬಹುದೋ ಇಲ್ಲವೋ, ಹೇಳಿಯಾಯಿತು.

ನನ್ನನ್ನು ಕೇಳಿದರೆ ಇವರ ಮೇಲೆ ನನಗೆ ಗೌರವವಿದೆ. ಮಟ್ಟು ಯಾವುದೆಂದು ತಲೆಯ ಮೇಲೆ ಬರೆದುಕೊಂಡೇ ರಂಗಕ್ಕೆ ಬರುವವರು ಇವರು. ನನಗೆ ಕಸಿವಿಸಿ ಆಗುವುದು ಇವರಿಂದಲ್ಲ. ಹೊಸತನದ ಹೆಸರಿನಲ್ಲಿ ಈ ವರ್ಷ ಲಂಡನ್ನಿನಲ್ಲಿ ಯಾವ ಸದ್ದು ಓಡುತ್ತಿದೆಯೋ ಅದನ್ನೇ ಮುಂದಿನ ವರ್ಷ ಇಲ್ಲಿ ತಂದು 'ನಮ್ಮದೇ' ಎನ್ನುವವರಿಂದ. ಐವತ್ತು ವರ್ಷದ ಹಿಂದಿನದನ್ನು ತಂದರೆ ಕಾಪಿ, ಐದು ತಿಂಗಳ ಹಿಂದಿನದನ್ನು ತಂದರೆ ಆಧುನಿಕ. ಇದು ಎಲ್ಲಿಯ ನ್ಯಾಯ?

ಇನ್ನು ಕನ್ನಡದಲ್ಲಿ ರಾಕ್. ಮೈಸೂರಿನಲ್ಲಿ ಬೆಳೆದು ಭರತನಾಟ್ಯ ಕಲಿತ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಗುಡುಗುಡಿಯ ಪದವನ್ನು ಗಿಟಾರಿಗೆ ಏರಿಸಿದರು. 2013ರ ಆಲ್ಬಮ್ಮಿನಲ್ಲಿ ಮತ್ತೊಂದು ಶರೀಫರ ಪದ. ಲುಂಗಿ, ಗೆಜ್ಜೆ ಕಟ್ಟಿಕೊಂಡು 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. ಅವರ ತಮ್ಮ ವಾಸು ದೀಕ್ಷಿತರ ಸ್ವರಾತ್ಮ ಬ್ಯಾಂಡು ಇದೇ ದಾರಿಯಲ್ಲಿ ಜನಪದದ ಕಡೆ ನಡೆಯಿತು. ಆಗ ಎರಡು ಕಡೆಯಿಂದಲೂ ಆಕ್ಷೇಪ. ಸುಗಮ ಸಂಗೀತದವರು 'ಶರೀಫರಿಗೆ ಹೀಗೆ ಮಾಡಬಹುದೇ' ಎಂದರು. ಅವರ ಕಿವಿಯಲ್ಲಿ 1990ರ ಸಂತ ಶಿಶುನಾಳ ಶರೀಫ ಚಿತ್ರದಲ್ಲಿ ಕೇಳಿದ ಅಶ್ವತ್ಥರ ದನಿ ಕೂತುಬಿಟ್ಟಿತ್ತು. ಆದರೆ ಅಶ್ವತ್ಥರ ಮಟ್ಟೂ ಶರೀಫರದಲ್ಲವಲ್ಲ. ಶರೀಫರು ತೀರಿಕೊಂಡದ್ದು 1889ರಲ್ಲಿ, ಗುಬ್ಬಿ ಕಂಪನಿ ಶುರುವಾದ ಐದು ವರ್ಷಕ್ಕೆ. ಅವರ ಗಂಟಲು ಯಾವ ಯಂತ್ರಕ್ಕೂ ಸಿಕ್ಕಿದ್ದಲ್ಲ. ಅತ್ತ ರಾಕ್ ಪಂಗಡದವರು 'ಹಳೇ ತತ್ವಪದಕ್ಕೆ ಗಿಟಾರ್ ಹಾಕಿದರೆ ಹೊಸ ಹಾಡೇ? ಮಾತನ್ನೂ ನೀವೇ ಬರೆಯಬೇಕಿತ್ತು' ಎಂದರು.

ಇವರಿಗೆ ಕುಮಾರವ್ಯಾಸನನ್ನು ತೋರಿಸಬೇಕು. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದನೆಂದು ತಮಾಷೆ ಮಾಡಿ, ಆತ ಎತ್ತಿಕೊಂಡದ್ದು ಏನನ್ನು? ಭಾರತವನ್ನು. ಪಂಪ 941ರಲ್ಲೇ ಕನ್ನಡಕ್ಕೆ ತಂದು ಮುಗಿಸಿದ್ದ ಭಾರತವನ್ನು. ಕಥೆ ಹಳೆಯದು, ಷಟ್ಪದಿಯೂ ಅವನಿಗಿಂತ ಹಳೆಯದು. ಕುಮಾರವ್ಯಾಸನನ್ನು ಯಾರಾದರೂ ಪಂಪನ ಕಾಪಿ ಎಂದದ್ದುಂಟೇ?

ಆದರೆ ಎರವಲಿಗೆ ಗಡಿಯೇ ಇಲ್ಲವೇ ಎಂದರೆ, ಈಗ ಇದೆ. 2022ರಲ್ಲಿ ಕಾಂತಾರ ಚಿತ್ರದ ವರಾಹರೂಪದ ಹಾಡು ಮನೆಮಾತಾಯಿತು. ಕೇರಳದ ರಾಕ್ ಬ್ಯಾಂಡು ಥೈಕ್ಕುಡಂ ಬ್ರಿಡ್ಜ್, ಇದು ನಮ್ಮ ನವರಸಂ ಹಾಡಿನ ಹಾಗಿದೆ ಎಂದು ಕೋರ್ಟಿಗೆ ಹೋಯಿತು. ಸಂಗೀತ ನಿರ್ದೇಶಕರು ಅದನ್ನು ಒಪ್ಪಲಿಲ್ಲ, ರಾಗಗಳು ಒಂದೇ ಆದಾಗ ಹೋಲಿಕೆ ಸಹಜ ಎಂಬುದು ಆ ಕಡೆಯ ವಾದ. ತಡೆಯಾಜ್ಞೆ ಬಂತು, ಚಿತ್ರ ಮೊದಲು ಒಟಿಟಿಗೆ ಬಂದಾಗ ಆ ಜಾಗದಲ್ಲಿ ಬೇರೆ ಮಟ್ಟು ಕೇಳಿಸಿತು, ಜನ ಬೇಜಾರು ಮಾಡಿಕೊಂಡರು, ಮುಂದೆ ಹಳೆಯ ಹಾಡು ವಾಪಸು ಬಂತು. ಯಾರು ಸರಿ ಎಂದು ತೀರ್ಪು ಕೊಡಲು ನಾನು ಕೂತಿಲ್ಲ. ಗಮನಿಸಬೇಕಾದ್ದು ಇಷ್ಟು. ಗಿಟಾರಿನ ಭಾರದ ಮೇಲೆ ರಾಗ ಹಾಸಿ, ನಡುವೆ ಶಾಸ್ತ್ರೀಯ ಕಂಠವನ್ನು ಬಿಡುವ ಕ್ರಮ ನಮ್ಮ ದಕ್ಷಿಣದ ರಾಕಿನಲ್ಲಿ ಈಗಾಗಲೇ ಒಂದು 'ಮಟ್ಟು' ಆಗಿಬಿಟ್ಟಿದೆ. ರಾಗ ಯಾರ ಸ್ವತ್ತೂ ಅಲ್ಲ, ರಾಗವನ್ನು ಕೂರಿಸಿದ ಬಗೆ ಒಬ್ಬರ ದುಡಿಮೆ; ಎರಡರ ನಡುವಿನ ಗೆರೆ ಎಲ್ಲಿ ಎಂಬುದು ಕೋರ್ಟಿಗೂ ಸುಲಭವಲ್ಲ. ಕಂಪನಿ ಕಾಲದಲ್ಲಿ ಎರವಲಿಗೆ ದುಡ್ಡು ಕೊಡಬೇಕಿರಲಿಲ್ಲ, ಹೆಸರು ಹೇಳಿದರೆ ಸಾಕಿತ್ತು. ಈಗ ದುಡ್ಡೂ ಕೊಡಬೇಕು, ಕೊಡಲಿ. ಹೆಸರು ಹೇಳುವ ಪದ್ಧತಿಯಾದರೂ ಉಳಿದಿದ್ದರೆ ಅರ್ಧ ಜಗಳ ಬಾಗಿಲಲ್ಲೇ ನಿಲ್ಲುತ್ತಿತ್ತು.

ಕನ್ನಡದ ರಾಕ್ ಹುಡುಗರ ಮೇಲೆ ನನಗಿರುವ ದೂರು ಬೇರೆ. 'ನಮ್ಮ ಬೇರು' ಹುಡುಕಿಕೊಂಡು ಹೊರಟವರು ವಚನಕ್ಕೆ ಹೋದರು, ದಾಸರ ಪದಕ್ಕೆ, ಶರೀಫರಿಗೆ, ಜನಪದಕ್ಕೆ ಹೋದರು. ಕಂಪನಿ ನಾಟಕದ ಹಾಡಿಗೆ ಬಂದವರು ನಾನು ಕೇಳಿದ ಮಟ್ಟಿಗೆ ಬೆರಳೆಣಿಕೆ. ಕಾರಣ ಊಹಿಸುವುದು ಕಷ್ಟವಲ್ಲ. ವಚನ ಶುದ್ಧ, ಜನಪದ ಶುದ್ಧ. ಕಂಪನಿ ಹಾಡು ಬೆರಕೆ. ಅರ್ಧ ಮರಾಠಿ, ಕಾಲು ಪಾರ್ಸಿ, ಮಿಕ್ಕದ್ದು ಕರ್ನಾಟಕ ಸಂಗೀತ, ಜೊತೆಗೆ ಫ್ರೆಂಚರ ಪೆಟ್ಟಿಗೆ. ಹಾಗೆ ನೋಡಿದರೆ ರಾಕ್ ಕೂಡ ಬೆರಕೆಯ ಮಗುವೇ. ನಮ್ಮಲ್ಲಿ ಅದಕ್ಕೆ ದಾಯಾದಿ ಯಾರಾದರೂ ಇದ್ದರೆ ಈ ಕಂಪನಿ ಹಾಡು. ದೊಡ್ಡ ಗಂಟಲು, ದೊಡ್ಡ ಸದ್ದು, ಟಿಕೆಟ್ ಕೊಂಡು ಬಂದು ಕೂಗುವ ಜನ. ಯುದ್ಧದಲ್ಲಿ ಸತ್ತು ಬಿದ್ದ ರಾಜ 'ಒನ್ಸ್ ಮೋರ್' ಕೂಗಿಗೆ ಎದ್ದು ಕೂತು ಮತ್ತೆ ಹಾಡಿ ಮತ್ತೆ ಸಾಯುತ್ತಿದ್ದ ಕಥೆಗಳು ಸುಮ್ಮನೆ ಹುಟ್ಟಿದವಲ್ಲ. ಇದಕ್ಕಿಂತ ರಾಕ್ ಆದದ್ದು ಇನ್ನೇನಿದೆ?

ಆ ಹಾಡುಗಳು ಕಳೆದುಹೋಗಿಯೂ ಇಲ್ಲ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ಅವನ್ನು ಇವತ್ತಿನ ರಂಗಕ್ಕೆ ತಂದಿದ್ದಾರೆ. ಅವರು ಬಾಯಿಬಿಟ್ಟರೆ ಯಾವ ಮೆಟಲ್ ಹಾಡುಗಾರನೂ ಒಂದು ಹೆಜ್ಜೆ ಹಿಂದೆ ಸರಿಯಬೇಕು, ಅಂಥ ಕಂಠ. ಮೈಸೂರಿನ ಆರ್. ಪರಮಶಿವನ್ ಅವರು ರಂಗಗೀತೆಗಳನ್ನು ಹೊಸ ತಲೆಮಾರಿಗೆ ಕಲಿಸಿಕೊಟ್ಟರು. ಮತ್ತೆ ನಮ್ಮ ತಾಲ್ಲೂಕಿನ ಹಾರ್ಮೋನಿಯಂ ಮೇಷ್ಟ್ರುಗಳು ಇದ್ದೇ ಇದ್ದಾರೆ. ಈಗೀಗ ಅವರ ಪಕ್ಕದಲ್ಲಿ ಕೀಬೋರ್ಡಿನವನೊಬ್ಬ, ರಿದಮ್ ಪ್ಯಾಡಿನವನೊಬ್ಬ ಕೂರುತ್ತಾನೆ. ಗಿಟಾರಿನವನು ಮಾತ್ರ ಇನ್ನೂ ಬಂದಿಲ್ಲ.

ಬರುವುದಾದರೆ ಜನವರಿಯಿಂದ ಮೇ ತನಕ ಬನ್ನಿ, ಅದು ನಾಟಕದ ಕಾಲ. ತುಮಕೂರಿನಿಂದ ಗುಬ್ಬಿಗೆ ಬಸ್ಸಿಗೂ ರೈಲಿಗೂ ತೊಂದರೆಯಿಲ್ಲ. ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ ಯಾವ ಊರಲ್ಲಿ ಯಾವತ್ತು ಯಾವ ನಾಟಕ, ಮೇಷ್ಟ್ರು ಯಾರು ಎಂದು ವಾಲ್‌ಪೋಸ್ಟ್ ಅಂಟಿಸಿರುತ್ತಾರೆ, ಪಾರ್ಟುಧಾರಿಗಳ ಫೋಟೋ ಸಮೇತ. ತಾಲೀಮಿಗೇ ಹೋಗಿ ಕೂರಿ, ಯಾರೂ ಬೇಡ ಎನ್ನುವುದಿಲ್ಲ; ಚಹಾನೂ ಕೊಡುತ್ತಾರೆ. ಗಿಟಾರ್ ತಂದಿದ್ದರೆ ಒಂದು ಮಾತು: ಮೇಷ್ಟ್ರ ಪೆಟ್ಟಿಗೆ ಹಳೆಯದಿದ್ದರೆ ಅದರ ಶ್ರುತಿ ನಿಮ್ಮ ಫೋನಿನ ಟ್ಯೂನರಿಗೆ ಹೊಂದುವುದಿಲ್ಲ. ಫೋನು ಜೇಬಿಗೆ ಹಾಕಿ ಪೆಟ್ಟಿಗೆಯ ಜೊತೆಗೇ ತಂತಿ ಬಿಗಿದುಕೊಳ್ಳಿ. ಮೊದಲು ಸಂಧಾನದ ಕೃಷ್ಣನ ಹಾಡುಗಳನ್ನು ಕೇಳಿ ಕಲಿಯಿರಿ, ಅವು ಬೇಗ ಕೈಗೆ ಹತ್ತುತ್ತವೆ. ಕಂದಪದ್ಯಕ್ಕೆ ಆತುರ ಬೇಡ.